ಬಲೆಯ ಪೆಟ್ಟಿಗೆ

ಬಲೆಯ ಪೆಟ್ಟಿಗೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಸಕ್ಕರೆ ನೀರಿನ ಹತ್ತಿಯುಂಡೆ ಬಿಟ್ಟರೆ ಏನೂ ಇರಲಿಲ್ಲ. ತನ್ಮಯಿ ಬಗ್ಗಿ ಪೆಟ್ಟಿಗೆಯ ಮೂಲೆಮೂಲೆ ಹುಡುಕಿದಳು.

"ನಾನೇ ತೆಗ್ದೆ ಕಣವ್ವ," ತಾರಸಿಯ ಮೂಲೆಯಲ್ಲಿ ಸೀರೆ ಹರವುತ್ತಿದ್ದ ನಾಗರತ್ನಮ್ಮ ನಕ್ಕರು. "ಕಾಸೀಲಿ ಜೀವಾನ ಕೂಡಾಕ್ಬಾರ್ದು. ನಿನ್ ಎಸ್ರು ಏಳೇ ಬುಟ್ಟಿವ್ನಿ, ಪುಣ್ಯ ನಿಂಗೇ ಬರ್ಲಿ. ಪಾಸಾಯ್ತೀಯ ನೋಡು."

"ಅರೇ ಅಜ್ಜಿ, ಅವು ಮಚ್ಛರ್!"

"ಸೊಳ್ಳೆ ಆದ್ರೇನು, ಜೀವ ಅಲ್ವಾ?"

ಮಂಡ್ಯದ ಕಡೆಯ ಈ ಮುದುಕಿ ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬಂದು, ಕೇದಾರ ಘಾಟಿನ ಹಿಂದೆ ತನ್ಮಯಿಯ ಅಪ್ಪ, ಪುರೋಹಿತ ಕೃಷ್ಣಮೂರ್ತಿ ನಡೆಸುವ ಛತ್ರದಲ್ಲಿ ಉಳಿದವರು. ಅವರಂಥ ಹಣ್ಣುಹಣ್ಣು ಜೀವಗಳು ಕೆಳಗೆ ಕೋಣೆ ತುಂಬ ಇದ್ದವು. ಅಂಥವರ ನೆತ್ತಿಯ ಮೇಲೆ ಸೊಳ್ಳೆ ಸಾಕಿದವಳ ಬುದ್ಧಿಗೆ ಏನೆನ್ನಬೇಕು! ಆದರೆ ಪ್ರಬಂಧ ಒಪ್ಪಿಸದೆ ಪ್ರಾಣಿಶಾಸ್ತ್ರದ ಎಂಎಸ್ಸಿ ಮುಗಿಯುವ ಹಾಗಿರಲಿಲ್ಲ. ಕಾಲೇಜಿನಲ್ಲಿ ಕರೆಂಟು ಕೈಕೊಟ್ಟು, ಮುಚ್ಚಿದ ಕೋಣೆಯ ಸೆಖೆಗೆ ಸೊಳ್ಳೆಗಳು ಸಾಯತೊಡಗಿದಾಗ, ಪ್ರಬಂಧ ಬರೆಸುವ ಮೇಡಂಗೂ ಹೇಳದೆ ಪೆಟ್ಟಿಗೆಯನ್ನು ಮನೆಗೆ ಹೊತ್ತು ತಂದಿದ್ದಳು.

ಡೆಂಗಿ ಬಂದ ಮನೆಗಳಲ್ಲಿ ಹಿಡಿದ ಸೊಳ್ಳೆಗಳು ಇಟ್ಟ ಮೊಟ್ಟೆಗಳಿಂದ ಬಂದ ಸಂತತಿ ಅದು. ತಾಯಿಯ ರೋಗ ಹುಟ್ಟುವಾಗಲೇ ಮರಿಗೂ ಅಂಟಿರುತ್ತದೆಯೇ ಎಂಬುದೇ ಅವಳ ಪ್ರಬಂಧದ ಪ್ರಶ್ನೆ. ಅಂಟಿರಲಾರದು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಿದ್ದಳು.

ಮಧ್ಯಾಹ್ನ ಮೇಡಂ ಫೋನು ಬಂತು. ದನಿಯಲ್ಲಿ ಸಂಭ್ರಮ ತುಳುಕುತ್ತಿತ್ತು. ಇದೇ ಸಂತತಿಯ ಕೆಲವನ್ನು ಮೊದಲೇ ಪರೀಕ್ಷೆಗೆ ಕಳಿಸಿದ್ದರು. ಅವುಗಳಲ್ಲಿ ರೋಗ ಸಿಕ್ಕಿತ್ತು.

"ಉಳಿದವು ಜೋಪಾನ, ತನ್ಮಯಿ. ಒಂದೂ ಹೊರಗೆ ಹೋಗಕೂಡದು."

"ಜೀ, ಮೇಡಂ," ಎಂದಳು. ನಿಜ ಹೇಳಿದರೆ ಡಿಗ್ರಿ ಕೈತಪ್ಪುವುದು ಖಂಡಿತ. ಹೇಳದಿದ್ದರೆ? ಅದನ್ನು ನೆನೆಯಲೂ ಭಯವಾಯಿತು.

ಸಂಜೆ ಹಜಾರದಲ್ಲಿ ಭಜನೆಗೆ ಎಲ್ಲರೂ ಸೇರಿದ್ದರು. ತನ್ಮಯಿ ಮೂಲೆಮೂಲೆಗೂ ಸೊಳ್ಳೆಬತ್ತಿ ಹಚ್ಚಿದಳು. "ಇನ್ಮೇಲೆ ಹಗಲು ಮಲಗಿದ್ರೂ ಪರದೆ ಕಟ್ಕೊಳ್ಳಿ. ಆ ಸೊಳ್ಳೆಗಳಿಗೆ..." ಎಂದು ಬಾಯಿ ತೆರೆದಳು. ಅಪ್ಪ ತಾಳ ನಿಲ್ಲಿಸಿ ಅವಳ ಮುಖ ನೋಡಿದರು. ಅವಳು ಬಗ್ಗಿ ಇನ್ನೊಂದು ಬತ್ತಿಗೆ ಕಡ್ಡಿ ಗೀರಿದಳು.

"ಸಾಯಕ್ಕಂತ್ಲೇ ಬಂದೋರ್ನ ಸೊಳ್ಳೆ ಏನ್ ಮಾಡೀತು ಮಗ?" ನಾಗರತ್ನಮ್ಮ ಎಂದರು. ಎಲ್ಲರೂ ನಕ್ಕರು. "ಬಾ, ಕೂತ್ಕೊಂಡು ಪದ ಯೋಳು."

ತನ್ಮಯಿ ಕೂತಳು. ಚಪ್ಪಾಳೆಗಳು ಒಂದೇ ತಾಳಕ್ಕೆ ಬೀಳುತ್ತಿದ್ದವು. ನಡುವೆ, ತಾಳ ತಪ್ಪಿ ಒಂದು ಏಟು ಕೇಳಿಸಿತು. ನಾಗರತ್ನಮ್ಮ ತೋಳಿನಿಂದ ಅಂಗೈ ಎತ್ತಿ ನೋಡಿಕೊಂಡು, ಸೆರಗಿಗೆ ಒರೆಸಿ, ಮತ್ತೆ ಹಾಡಿಗೆ ದನಿಗೂಡಿಸಿದರು.