ಭಂಡಾರ ಹತ್ತಿದ ಪಾಸು

ಘೋಡಗೇರಿಯ ದುಂಡವ್ವನಿಗೆ ಅರವತ್ತಾರು ವರ್ಷ. ಆಕೆಯ ಎದುರು ಯಾರಾದರೂ "ಇದು ಆಗೂದಲ್ಲ" ಅಂದರೆ ಮುಗಿಯಿತು, ಅದು ಆಗಿಯೇ ತೀರಬೇಕು. ಅಂಥವಳ ಮೊಮ್ಮಗಳು ವಿಜಯಲಕ್ಷ್ಮಿ ಬೆಳಗಾವಿ ತಂಡದಲ್ಲಿ ಕಬಡ್ಡಿ ಆಡುತ್ತಾಳೆ ಅಂದರೆ ಅದರಲ್ಲಿ ಆಶ್ಚರ್ಯವೇನು ಬಂತು?

ರಾಜ್ಯಮಟ್ಟದ ಮಹಿಳಾ ಕಬಡ್ಡಿ ಈ ಸಲ ಗೋಕಾಕಿಗೇ ಬಂದಿತ್ತು, ಬೆಳಗಾವಿ ಫೈನಲ್ ಮುಟ್ಟಿತ್ತು. ಆಟಗಾರ್ತಿಯ ಮನೆಗೆ ಒಂದೇ ಪಾಸು. ಅಪ್ಪ ಅವ್ವ ಇಬ್ಬರೂ ಆಸೆಪಟ್ಟರು. ಆದರೆ ವಿಜ್ಜಿ ಫೋನಿನಲ್ಲಿ ಖಡಾಖಂಡಿತ ಹೇಳಿಬಿಟ್ಟಳು: "ಆಯಿನ್ನ ಕಳಸ್ರಿ. ಆಯಿ ಎದುರಿಗೆ ಕುಂತ್ರ ನನಗ ಧೈರ್ಯ ಬರ್ತೈತಿ." ಅಜ್ಜಿಯನ್ನು ಆಕೆ ಆಯಿ ಅಂತಲೇ ಕರೆಯುವುದು. ಅಪ್ಪ ಅವ್ವ ಮೊಬೈಲಿನಲ್ಲಿ ನೋಡುವುದೆಂದು ಠರಾವಾಯಿತು.

ಫೈನಲ್ ದಿನ ಮುಂಜಾನೆ ದುಂಡವ್ವ ಪಾಸನ್ನು ಬೀರದೇವರ ಗುಡಿಗೆ ಒಯ್ದಳು. ಹೊಸ ಕುರಿಯೇ ಬರಲಿ, ಹೊಸ ಗಾಡಿಯೇ ಬರಲಿ, ಆ ಮನೆಯಲ್ಲಿ ದೇವರ ಭಂಡಾರದ ಅರಿಸಿನ ಬೀಳದೆ ಯಾವುದೂ ಶುರುವಾದದ್ದಿಲ್ಲ. ಪಾಸೇನು ಕಡಿಮೆಯೇ? ಪೂಜಾರಿ ಅದನ್ನು ದೇವರ ಪಾದದ ಬುಡಕ್ಕಿಟ್ಟ. ದೀಪಕ್ಕೆ ಎಣ್ಣೆ ಹಾಕಿದ ಕೈಯಿಂದಲೇ ಮುಷ್ಟಿ ತುಂಬ ಅರಿಸಿನ ತೂರಿ "ಚಾಂಗಭಲೋ" ಅಂದ. ಪಾಸಿಗೆ ಬಳಿದದ್ದು ಸ್ವಲ್ಪ, ದುಂಡವ್ವನ ಹಣೆ, ಕೆನ್ನೆ, ಸೆರಗಿಗೆ ಬಳಿದದ್ದು ಬಹಳ. ದೇವರು ಕೊಟ್ಟದ್ದನ್ನು ಒರೆಸಿಕೊಳ್ಳುವುದುಂಟೇ? ಹಾಗೆಯೇ ಬಸ್ ಹತ್ತಿದಳು.

ಗೋಕಾಕಿನಲ್ಲಿ ಇಳಿದರೆ ಊರಿಗೆ ಊರೇ ಮದುವೆ ಮನೆಯಾಗಿತ್ತು! ಓಣಿ ಓಣಿಗೆ ಕಮಾನು, ಬಣ್ಣದ ಕಾಗದದ ಪರಪರಿ ಕಟ್ಟಿದ ಅಂಗಡಿಗಳು, ಹುಕ್ಕೇರಿ ಕಡೆಯಿಂದ ಜೀಪು ತುಂಬಿ ಬಂದ ಮಂದಿ. ಕಲ್ಲೋಳಿಯವರಂತೂ ಟ್ರ್ಯಾಕ್ಟರಿಗೆ ಆಳೆತ್ತರದ ಸೌಂಡ್ ಬಾಕ್ಸ್ ಕಟ್ಟಿಕೊಂಡು ಬಂದಿದ್ದರು. ಅದರ ಮುಂದೆ ಬಿಳಿ ಟೋಪಿಯ ಮುದುಕರೂ ಸೊಂಟ ಕುಣಿಸುತ್ತಿದ್ದರು. ದುಂಡವ್ವ ಬಿಸಿ ಬಿಸಿ ಮಿರ್ಚಿ ಭಜಿ ತಿಂದಳು, ಚಹಾ ಕುಡಿದಳು, ಟ್ರ್ಯಾಕ್ಟರಿನ ಮುಂದೆ ನಿಂತು ಕಾಲಲ್ಲಿ ತಾಳವನ್ನೂ ಹಾಕಿದಳು. ಬಸ್ ಸ್ಟ್ಯಾಂಡಿನ ಬಾಜೂ ಮೊರದಗಲ ಮುಖದ ವಿಜ್ಜಿಯ ಬ್ಯಾನರ್ ಕಂಡಾಗ ಕರದಂಟಿನ ಅಂಗಡಿಯವನನ್ನು ಕರೆದು ತೋರಿಸಿದಳು.

"ನನ್ನ ಮೊಮ್ಮಗಳ ನೋಡೋ ತಮ್ಮಾ."

"ಖರೇನ ಏನ್ರಿ? ಹಂಗಾರ ಒಂದ ತುಂಡ ತಗೋರಿ. ಇವತ್ತ ಗೆದ್ದ ಬರ್ಲಿ."

"ಗೆಲ್ಲಲಾರದ ಏನ ಮಾಡ್ತಾಳ? ನಮ್ಮ ಹುಡುಗಿ ಆಕಿ!"

ಇಷ್ಟೆಲ್ಲ ದೌಲತ್ತು ಕ್ರೀಡಾಂಗಣದ ಬಾಗಿಲವರೆಗೆ. ಅಲ್ಲಿ ಭಾಗ್ಯಾ ಎಂಬ ಕಾಲೇಜು ಹುಡುಗಿ ಮಷಿನ್ ಹಿಡಿದು ನಿಂತಿದ್ದಳು. ಪಾಸಿನ ಕರಿ ಚೌಕದ ಮೇಲೆ ಹಿಡಿದಳು, ಕೆಂಪು ದೀಪ. ಮತ್ತೆ ಹಿಡಿದಳು, ಮತ್ತೂ ಕೆಂಪು.

"ಆಯಿ, ಇದರ ಮ್ಯಾಲ ಏನ ಹಚ್ಚೀರಿ? ಮಷಿನ್ ತಗೋವಲ್ದು."

"ದೇವರ ಭಂಡಾರವಾ. ತಡಿ, ಒರಸಿ ಕೊಡ್ತೇನಿ."

ಸೆರಗಿನಿಂದ ತಿಕ್ಕಿದ್ದೇ ತಪ್ಪಾಯಿತು. ಎಣ್ಣೆಯಲ್ಲಿ ನೆನೆದಿದ್ದ ಕರಿ ಚೌಕ ಕಿತ್ತು ಸೆರಗಿಗೇ ಬಂತು! ಭಾಗ್ಯಾ ಪಾಪ ಕೈ ಹಿಸುಕಿಕೊಂಡಳು. "ನೀವ ಸುಳ್ಳ ಹೇಳವಲ್ರಿ, ನನಗ ಗೊತ್ತಾಗತೈತಿ. ಆದ್ರ ಹಸರ ದೀಪ ಬರಲಾರದ ಯಾರನ್ನೂ ಬಿಡಂಗಿಲ್ರಿ." ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಆ ಪೂಜಾರಿಯೂ ಕೊಟ್ಟಿದ್ದ, ಮಷಿನ್ ಕೊಡಲಿಲ್ಲ.

ವಿಜ್ಜಿಗೆ ಫೋನ್ ಹಚ್ಚಿದರೆ ಬಂದ್. ಆಟಕ್ಕೆ ಮುಂಚೆ ಎಲ್ಲರ ಫೋನುಗಳನ್ನು ಕೋಚ್ ತೆಗೆದಿಡುತ್ತಾರೆ. ಒಳಗೆ ಆಟಕ್ಕೆ ಇನ್ನು ಅರ್ಧ ತಾಸು ಅಂತ ಮೈಕು ಕೂಗಿತು. ಆಗ ದುಂಡವ್ವನಿಗೆ ವಿಜ್ಜಿಯ ಮಾತು ನೆನಪಾಯಿತು. ಕೂಸು ಬಂದು ಖುರ್ಚಿಯ ಕಡೆ ನೋಡ್ತಾಳೆ, ಖುರ್ಚಿ ಖಾಲಿ ಇರ್ತೈತಿ. ಅದನ್ನು ನೆನೆದೇ ಕಣ್ಣು ತುಂಬಿ ಬಂದವು. ತನ್ನ ಕೈಯಾರೆ ಹಾಳು ಮಾಡಿದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಅಷ್ಟರಲ್ಲಿ ಬಾಜೂದ ಸಣ್ಣ ಬಾಗಿಲಲ್ಲಿ ಹುಕ್ಕೇರಿಯ ಸಿದ್ರಾಯನ ಡೊಳ್ಳಿನ ಮೇಳ ಒಳಗೆ ಹೊರಟಿತ್ತು. ಫೈನಲ್ಲಿಗೆ ಮುಂಚೆ ಅವರದು ಕುಣಿತ. ಇಪ್ಪತ್ತು ಮಂದಿಗೂ ಮುಖ ತುಂಬ ಭಂಡಾರ. ಬಾಗಿಲು ಕಾಯುವವನು ದುಂಡವ್ವನ ಹಳದಿ ಮುಖ ನೋಡಿದವನೇ ಕೈ ಬೀಸಿದ.

"ಯಾಕವಾ ಯಮ್ಮಾ, ನೀ ಹಿಂದ ಉಳದಿ? ಲಗೂನ ನಡಿ, ನಿಮ್ಮ ಮಂದಿ ಒಳಗ ಹೊಂಟಾರ!"

ಒಂದು ಹೆಜ್ಜೆ ಇಟ್ಟರೆ ಆಗಿತ್ತು. ಆದರೆ ಹಣೆಯ ಮೇಲೆ ಬೀರದೇವರನ್ನು ಇಟ್ಟುಕೊಂಡು ಕಳ್ಳ ಹೆಜ್ಜೆ ಇಡುವುದು ಹೇಗೆ? ದುಂಡವ್ವ ಸಿದ್ರಾಯನನ್ನೇ ಕೂಗಿದಳು. ಪಾಸಿನ ಕತೆಯನ್ನು ನಾಲ್ಕು ಮಾತಿನಲ್ಲಿ ಹೇಳಿ, "ಸುಳ್ಳ ಹೇಳಿ ಒಳಗ ಬರಂಗಿಲ್ಲ ನಾ. ಒಂದ ಡೊಳ್ಳ ಕೊಡು, ಬಾರಿಸಿಕೋತನ ಬರ್ತೇನಿ," ಅಂದಳು.

ಸಿದ್ರಾಯ ನಕ್ಕ. "ಆಯಿ, ಇದು ನಿಮ್ಮಿಂದ ಆಗೂದಲ್ರಿ."

ಅಂದೇಬಿಟ್ಟನಲ್ಲ ಆ ಮಾತು!

ದುಂಡವ್ವನ ಗಂಡ ಬೀರಸಿದ್ದಪ್ಪ ಘೋಡಗೇರಿಗೆ ಹೆಸರಾದ ಡೊಳ್ಳಿನವನು. ಅವನಿದ್ದ ಮೂವತ್ತೈದು ವರ್ಷವೂ ಡೊಳ್ಳಿನ ಚರ್ಮ ಕಾಸಿ ಬಿಗಿ ಮಾಡಿ ಕೊಟ್ಟವಳು ಇವಳು. ಅವನು ಕುರಿ ಬೆನ್ನು ಹತ್ತಿ ಹೋದಾಗ ಬಾಗಿಲು ಹಾಕಿಕೊಂಡು ಬಾರಿಸಿದವಳೂ ಇವಳೇ. ಒಮ್ಮೆ ಸಿಕ್ಕಿಬಿದ್ದಿದ್ದಳು. "ಚಲೋ ಬಾರಿಸ್ತಿ. ಆದ್ರ ಊರ ಮುಂದ ಬ್ಯಾಡ," ಅಂದಿದ್ದ. ಅವನು ತೀರಿದ ಮೇಲೂ ಆಕೆ ಬಾರಿಸುವುದು ಬಿಡಲಿಲ್ಲ, ಹಾಕಿದ ಬಾಗಿಲೂ ತೆರೆಯಲಿಲ್ಲ. ಅದು ತನಗೊಬ್ಬಳಿಗೇ ಗೊತ್ತು ಅಂತ ಆಕೆ ತಿಳಿದಿದ್ದಳು.

"ಒಮ್ಮಿ ಕೊಟ್ಟ ನೋಡು," ಅಂದಳು.

ಮೇಳದ ಭೀಮಶಿ ಚೇಷ್ಟೆಗೆಂದೇ ತನ್ನ ಡೊಳ್ಳು ಬಿಚ್ಚಿ ಕೊಟ್ಟ. ದುಂಡವ್ವ ಸೆರಗು ಸೊಂಟಕ್ಕೆ ಬಿಗಿದು, ಡೊಳ್ಳು ಕೊರಳಿಗೆ ಹಾಕಿ, ಎಡಗೈಯಿಂದ ಒಂದು, ಕೋಲಿನಿಂದ ಎರಡು ಪೆಟ್ಟು ಕೊಟ್ಟಳು. ಭೀಮಶಿಯ ನಗು ಅಲ್ಲೇ ನಿಂತಿತು. ಸಿದ್ರಾಯ ದಾರಿ ಬಿಟ್ಟು, "ಮುಂದಿನ ಸಾಲಿಗೆ ಬರ್ರಿ ಆಯಿ," ಅಂದ.

ಹತ್ತು ಸಾವಿರ ಮಂದಿಯ ನಡುವೆ ದುಂಡವ್ವ ಬಾರಿಸಿದಳು. ಮೊದಲು ಒಂದೆರಡು ಪೆಟ್ಟು ತಪ್ಪಿದವು, ಖರೆ. ಆಮೇಲೆ ಕೈ ಹೇಳಿದ ಮಾತು ಕೇಳಿತು. ಕಲ್ಲೋಳಿಯ ಟ್ರ್ಯಾಕ್ಟರಿನವರು ಎದ್ದು ನಿಂತು ಸೀಟಿ ಹೊಡೆದರು. "ಹೌದ ಮುದುಕಿ!" ಅಂತ ಯಾರೋ ಒದರಿದರು. ಕುಣಿತ ಮುಗಿದಾಗ ಮೇಳದವರನ್ನು ಅಂಕಣದ ಅಂಚಿನಲ್ಲೇ ಕೂಡಿಸಿದರು. ಪಾಸಿನ ಖುರ್ಚಿ ಎಲ್ಲಿತ್ತೋ ಏನೋ, ಇದಂತೂ ಮೊಮ್ಮಗಳ ಕಾಲಧೂಳಿ ಮೈಗೆ ಹಾರುವಷ್ಟು ಹತ್ತಿರ.

ಕಡೆಯ ನಿಮಿಷಕ್ಕೆ ಬೆಳಗಾವಿ ಒಂದು ಅಂಕ ಹಿಂದಿತ್ತು. ವಿಜ್ಜಿ ಕಬಡ್ಡಿ ಕಬಡ್ಡಿ ಅನ್ನುತ್ತ ಎದುರಿನವರ ಅಂಕಣಕ್ಕೆ ನುಗ್ಗಿದಳು. ದುಂಡವ್ವನ ಕೋಲು ತಾನಾಗಿ ಮೇಲೆದ್ದಿತು, ಆಕೆ ಅದನ್ನು ಗಟ್ಟಿ ಹಿಡಿದು ನಿಲ್ಲಿಸಿದಳು. ಈಗಿನ ದಮ್ಮು ಹುಡುಗಿಯದು, ತನ್ನದಲ್ಲ. ವಿಜ್ಜಿ ಒಬ್ಬಳನ್ನು ಕಾಲಿನಿಂದ, ಇನ್ನೊಬ್ಬಳನ್ನು ಕೈಯಿಂದ ಮುಟ್ಟಿ, ಮೈಮೇಲೆ ಬಿದ್ದ ಮೂವರನ್ನೂ ಎಳೆದುಕೊಂಡು ನಡುಗೆರೆ ಮುಟ್ಟಿದಳು. ಬೆಳಗಾವಿ ಗೆದ್ದಿತು!

ಎಲ್ಲರೂ ಎತ್ತಿಕೊಂಡು ಕುಣಿಸುತ್ತಿದ್ದರೆ ವಿಜ್ಜಿ ಕೊಸರಿಕೊಂಡು ಇತ್ತ ಓಡಿಬಂದಳು. ದುಂಡವ್ವ ಮೊದಲೇ ತಪ್ಪೊಪ್ಪಿಕೊಂಡಳು: "ಪಾಸ ಹಾಳ ಮಾಡಿದ್ನೆವ್ವಾ. ನನ್ನ ಖುರ್ಚಿ ಖಾಲಿ ಇತ್ತಲ್ಲ, ಹೆದರಿದೇನ?"

"ಒಳಗಿಂದ ಹಣಿಕಿ ಹಾಕಿದಾಗ ಖಾಲಿ ಕಂಡು ಇದ್ದ ಧೈರ್ಯನೂ ಹೋಗಿತ್ತ ಆಯಿ. ಅಷ್ಟರಾಗ ಡೊಳ್ಳ ಕೇಳಿಸ್ತು. ನೀ ಬಂದಿ ಅಂತ ನೋಡಲಾರದನ ಗೊತ್ತಾತು."

"ಹೆಂಗ ಗೊತ್ತಾತ?"

"ನೀ ಬಾಗಲಾ ಹಾಕ್ಕೊಂಡ ಬಾರಿಸ್ತಿದ್ದಿಯಲ್ಲ, ಅದ ಪೆಟ್ಟ. ಸಣ್ಣಾಕಿ ಇದ್ದಾಗಿಂದ ದಿನಾ ಆ ಬಾಗಲ ಹೊರಗ ಕುಂತ ಕೇಳ್ತಿದ್ನಿ ನಾ."