ಅನ್ಸೆಲ್ಮೊನ ಬ್ಯಾಟರಿ, ನಿಲ್ಡಾಳ ಕಹಿ ಮಾಟೆ

ನಿಲ್ಡಾ ಇವತ್ತೂ ಫೋನು ಹಿಡಿದುಕೊಂಡು ಆ ಉರುಗ್ವೆಯವನ ವ್ಯಾನಿನ ಕಡೆ ಹೊರಟಳು. ಅವಳ ಗಂಡ ಅನ್ಸೆಲ್ಮೊ ತಮ್ಮ ವ್ಯಾನಿನ ಕಿಟಕಿಯ ಪರದೆಯನ್ನು ಎರಡು ಬೆರಳಿನಷ್ಟು ಸರಿಸಿ ನೋಡಿದ. ನೋಡದೆ ಇರಬಹುದಿತ್ತು. ಆದರೆ ನಾಲಗೆ ಹೋಗುವುದು ನೋಯುವ ಹಲ್ಲಿನ ಹತ್ತಿರಕ್ಕೇ, ಏನು ಮಾಡುವುದು!

ಫೋನು ಚಾರ್ಜಿಗೆ ಹಾಕುವುದೆಲ್ಲ ನೆಪ ಎಂದು ಅವನಿಗೆ ಅನಿಸುತ್ತಿತ್ತು. ನೆಪ ಎಲ್ಲಿಂದ ಬಂತು? ಅನ್ಸೆಲ್ಮೊನದೇ ವ್ಯಾನಿನಲ್ಲಿ ಕರೆಂಟು ಸತ್ತು ಮಲಗಿತ್ತು. ದೀಪ ಮಿಣಮಿಣ ಎನ್ನುತ್ತಿತ್ತು, ನೀರಿನ ಪಂಪು ಬಾಯಿ ಮುಚ್ಚಿತ್ತು, ಫ್ರಿಜ್ಜಿನಲ್ಲಿಟ್ಟ ಮಾಂಸ ಕೊಳೆತು ನಿಲ್ಡಾ ಮೂಗು ಮುಚ್ಚಿಕೊಂಡು ಹೊರಗೆ ಎಸೆದಿದ್ದಳು. ಛಾವಣಿಯ ಮೇಲೆ ಮಂಚದಷ್ಟು ದೊಡ್ಡ ಸೋಲಾರ್ ಫಲಕ, ಸೀಟಿನ ಕೆಳಗೆ ಹೊಸ ಬ್ಯಾಟರಿ, ಹೊರಗೆ ಕಣ್ಣು ಕುಕ್ಕುವ ಜನವರಿಯ ಬೇಸಿಗೆ ಬಿಸಿಲು. ಎಲ್ಲ ಇದ್ದೂ ಮನೆ ಕತ್ತಲೆ.

"ಶನಿವಾರದೊಳಗೆ ಕರೆಂಟು ಬಂದರೆ ಸರಿ" ಎಂದಿದ್ದಳು ನಿಲ್ಡಾ. "ಬರದಿದ್ದರೆ ನಾನು ಎಸ್ಕೆಲ್ ಪೇಟೆಗೆ ಹೋಗಿ ಬಸ್ ಹತ್ತೋಳೇ. ಕೊರಿಯೆಂತೆಸ್‌ನಲ್ಲಿ ನನ್ನ ತಂಗಿ ಮನೇಲಿ ಫ್ಯಾನಾದರೂ ತಿರುಗುತ್ತೆ. ಈ ತಗಡಿನ ಡಬ್ಬೀಲಿ ನಿನ್ನ ಜತೆ ಕತ್ತಲೆ ಕಾಯೋಕೆ ನನ್ನ ಕೈಲಾಗಲ್ಲ, ಮುದುಕಾ."

ಇವತ್ತು ಶನಿವಾರ.

ಅವಳು ತಂಗಿಯ ಮನೆಗೆ ಹೋದರೆ ಅನ್ಸೆಲ್ಮೊ ಹೇಗೋ ತಡೆದುಕೊಂಡಾನು. ಅವನ ಎದೆಗೆ ಮುಳ್ಳಾಗಿದ್ದವನು ಆ ಉರುಗ್ವೆಯ ವಾಲ್ದೆಮಾರ್. ಅವನೂ ಇವರ ಹಾಗೆ ದಕ್ಷಿಣದ ತುದಿಯ ಉಶುವಾಯಾಕ್ಕೇ ಹೊರಟವನು, ಒಂಟಿ, ಹೆಂಡತಿ ತೀರಿಕೊಂಡವನು, ವ್ಯಾನಿನ ತುಂಬ ದೀಪ. ಬಸ್ಸೇ ಹತ್ತಬೇಕೆಂದೇನು? ಅವನ ಪಕ್ಕದಲ್ಲೇ ಒಂದು ಸೀಟು ಖಾಲಿ ಇತ್ತಲ್ಲ!

ಪರದೆಯ ಸಂದಿಯಿಂದ ಅವನಿಗೆ ಎಲ್ಲ ಕಾಣುತ್ತಿತ್ತು. ವಾಲ್ದೆಮಾರ್ ಕಂಕುಳಲ್ಲಿ ಅವುಚಿಕೊಂಡಿದ್ದ ಫ್ಲಾಸ್ಕಿನಿಂದ ಮಾಟೆ ಎಂಬ ಸೊಪ್ಪಿನ ಕಷಾಯದ ಸೋರೆ ಬುರುಡೆಗೆ ಬಿಸಿನೀರು ಹುಯ್ದು ಕೊಟ್ಟ. ನಿಲ್ಡಾ ಅದೇ ಕೊಳವೆಗೆ ಬಾಯಿಟ್ಟು ಸೊಪ್ಪಿನ ರಸ ಹೀರಿ ಬುರುಡೆ ಹಿಂದಿರುಗಿಸಿದಳು. ಅವನು ಕುಡಿದ. ಮತ್ತೆ ತುಂಬಿ ಕೊಟ್ಟ. ಸಾಕೆನಿಸಿದವರು ಬುರುಡೆ ಕೊಡುವಾಗ "ಥ್ಯಾಂಕ್ಸ್" ಅನ್ನಬೇಕು, ಅಂದರೆ ಮುಗಿಯಿತು, ಮತ್ತೆ ಕೊಡುವುದಿಲ್ಲ. ನಿಲ್ಡಾ ಅನ್ನಲಿಲ್ಲ. ನಿನ್ನೆಯೂ ಅಂದಿರಲಿಲ್ಲ. ಇಷ್ಟು ದೂರದಿಂದ ಮಾತು ಕೇಳದಿದ್ದರೇನು, ಬುರುಡೆ ಮತ್ತೆ ಮತ್ತೆ ಅವಳ ಕೈಗೆ ಬರುವುದು ಕಾಣುವುದಿಲ್ಲವೇ?

ಅದಕ್ಕಿಂತ ದೊಡ್ಡ ಉರಿ ಇನ್ನೊಂದಿತ್ತು. ಉರುಗ್ವೆಯವರು ಮಾಟೆಗೆ ಸಕ್ಕರೆ ಹಾಕುವವರಲ್ಲ. ಮದುವೆಯಾದಾಗಿನಿಂದ ಅನ್ಸೆಲ್ಮೊನ ಜತೆ ಸಿಹಿ ಮಾಟೆ ಕುಡಿದ ಹೆಂಗಸು ಅಲ್ಲಿ ಕೂತು ಮುಖ ಸಿಂಡರಿಸದೆ ಕಹಿ ಕುಡಿಯುತ್ತಿದ್ದಳು! ಅವನ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಗಿತ್ತು. ಅಯ್ಯೋ, ಆ ಬೆಂಕಿಗೆ ತಂತಿ ಸಿಕ್ಕಿಸಿದ್ದರೆ ಇಡೀ ವ್ಯಾನಿಗೆ ದೀಪ ಹತ್ತುತ್ತಿತ್ತು.

ಈ ಕೆರೆಯ ದಂಡೆಗೆ ಬಂದ ದಿನ ವಾಲ್ದೆಮಾರ್ ತಾನಾಗಿಯೇ ಬಂದು ಕೈ ಕುಲುಕಿದ್ದ. ವ್ಯಾನಿನ ಸುತ್ತ ಒಂದು ಸುತ್ತು ಹಾಕಿ, "ಆಹಾ, ಏನು ವ್ಯಾನು ಮಾಡ್ಕೊಂಡಿದ್ದೀರಿ ಅಣ್ಣಾ! ನನಗಂತೂ ಹೊಟ್ಟೆಕಿಚ್ಚಾಗ್ತಿದೆ, ದೇವರಾಣೆ" ಎಂದು ನಕ್ಕಿದ್ದ. ಹೇಳುವಾಗ ಅವನ ಕಣ್ಣು ವ್ಯಾನಿನ ಮೇಲಿತ್ತೋ ನಿಲ್ಡಾಳ ಮೇಲಿತ್ತೋ, ಅನ್ಸೆಲ್ಮೊ ತನಗೆ ಬೇಕಾದ ಹಾಗೆ ತಿಳಿದುಕೊಂಡ. ಅವನು ಬೆನ್ನು ತಿರುಗಿಸಿದ್ದೇ ತಡ, ಅನ್ಸೆಲ್ಮೊ ಏಣಿ ಹತ್ತಿದ. ಹೊಟ್ಟೆಕಿಚ್ಚಿನ ಕಣ್ಣಿಗೆ ಕೆಂಪು ಬಟ್ಟೆಯೇ ಮದ್ದು ಎಂದು ಅವನ ಊರಿನ ಮಕ್ಕಳಿಗೂ ಗೊತ್ತು. ಕೂಸಿನ ಮುಂಗೈಗೆ ಕೆಂಪು ದಾರ, ಕಾರಿನ ಕನ್ನಡಿಗೆ ಕೆಂಪು ಪಟ್ಟಿ. ಇವನ ಹತ್ತಿರವಿದ್ದದ್ದು ಪಟ್ಟಿಯಲ್ಲ, ದಾರಿಬದಿಯ ಗೌಚಿತೊ ಸಂತನ ಗುಡಿಯಿಂದ ಹರಸಿಕೊಂಡು ತಂದ ಬಾವುಟದಷ್ಟು ಬಟ್ಟೆ. ಅದನ್ನು ಛಾವಣಿಯ ಮುಂದಿನ ಸರಳಿಗೆ ಮೂರು ಗಂಟು ಹಾಕಿ ಕಟ್ಟಿ, "ನೋಡ್ಕೋ ಈಗ" ಎಂದು ಇಳಿದಿದ್ದ.

ಮರುದಿನದಿಂದಲೇ ಬ್ಯಾಟರಿ ಸೊರಗತೊಡಗಿತು.

ಅನ್ಸೆಲ್ಮೊ ದೂರದೂರಿನ ಬಸ್ಸು ಓಡಿಸಿ ನಿವೃತ್ತನಾದವನು. ಎಂಜಿನ್ನಿನ ವಿಷಯದಲ್ಲಿ ಯಾರಿಗೂ ತಲೆ ಬಾಗಿದವನಲ್ಲ. ಎಂಜಿನ್ ಓಡಿಸಿದರೆ ಬ್ಯಾಟರಿ ಒಂದಿಷ್ಟು ತುಂಬುತ್ತಿತ್ತು, ನಿಲ್ಲಿಸಿದರೆ ಮರುದಿನಕ್ಕೆ ಖಾಲಿ. ಹಾಗಾದರೆ ತಪ್ಪು ಸೋಲಾರಿನ ಕಡೆಯೇ ಇರಬೇಕು ಎಂದು ಸರಿಯಾಗಿಯೇ ಯೋಚಿಸಿದ. ಬ್ಯಾಟರಿಯ ಟರ್ಮಿನಲ್ಲುಗಳ ಮೇಲೆ ಆಗಲೇ ಕಟ್ಟಿದ್ದ ಬಿಳಿ ಹುಡಿಯನ್ನು ಅಡುಗೆ ಸೋಡಾ ಹಾಕಿದ ಬಿಸಿನೀರಿನಿಂದ ತಿಕ್ಕಿ ತೊಳೆದ. ಫ್ಯೂಸ್ ಬದಲಿಸಿದ. ತಂತಿಗಳನ್ನೆಲ್ಲ ಬಿಚ್ಚಿ ಕಟ್ಟಿದ. ಬೆಳಗ್ಗೆ ಗಾಳಿ ಏಳುವ ಮೊದಲೇ ಏಣಿ ಹತ್ತಿ ಫಲಕದ ಧೂಳು ಒರೆಸಿ ಮೀಟರ್ ಹಿಡಿದ. ವೋಲ್ಟೇಜು ಭರ್ತಿ! ಸಂಜೆ ಗಾಳಿ ಇಳಿದ ಮೇಲೆ ಮತ್ತೆ ಹತ್ತಿ ನೋಡಿದ. ಫಲಕ ಚೊಕ್ಕಟ. ತಪ್ಪು ಮಾತ್ರ ಎಲ್ಲೂ ಸಿಗಲಿಲ್ಲ.

"ಮಧ್ಯಾಹ್ನ ನೋಡಬೇಕಂತೆ" ಎಂದು ನಿಲ್ಡಾ ಒಂದು ದಿನ ಹೇಳಿದ್ದಳು. "ಬಿಸಿಲು ನೆತ್ತಿ ಮೇಲಿದ್ದಾಗ ಸೋಲಾರಿನ ಕಂಟ್ರೋಲರ್ ಪೆಟ್ಟಿಗೇಲಿ ಎಷ್ಟು ಕರೆಂಟು ಒಳಗೆ ಬರ್ತಿದೆ ನೋಡು. ಬರೀ ವೋಲ್ಟೇಜು ನೋಡಿದರೆ ಸಾಲದಂತೆ."

"ಅಂತೆ? ಯಾರು ಹೇಳಿದ್ದಂತೆ?"

"ವಾಲ್ದೆಮಾರ್."

"ಹಾಗಾದರೆ ನೋಡಲ್ಲ."

ಆ ಮಾತು ಯಾರ ಬಾಯಿಂದ ಬಂದಿದ್ದರೂ ಅವನು ನೋಡುತ್ತಿದ್ದ, ಆ ಒಂದು ಬಾಯಿ ಬಿಟ್ಟು. ಮಧ್ಯಾಹ್ನ ಅವನಿಗೆ ಬೇರೆ ಕೆಲಸವಿತ್ತು. ಪರದೆ ಎಳೆದುಕೊಂಡು ಆ ವ್ಯಾನಿನ ನೆರಳು ಬಟ್ಟೆಯ ಕೆಳಗೆ ಯಾರು ಯಾರನ್ನು ನೋಡಿ ನಕ್ಕರು ಎಂದು ಕಾಯುವ ಕೆಲಸ. ತನ್ನ ತಲೆಯ ಮೇಲೆ ಏನು ನಡೆಯುತ್ತಿದೆ ಎಂದು ನೋಡಲು ಪುರುಸೊತ್ತೆಲ್ಲಿ?

ನಿಲ್ಡಾ ಮರಳಿ ಬಂದಾಗ ಸೂರ್ಯ ನೆತ್ತಿಗೆ ಬಂದಿದ್ದ, ಕೆರೆಯ ಮೇಲಿನ ಗಾಳಿ ಎದ್ದಿತ್ತು. ಅವಳು ಚೀಲ ತೆಗೆದು ಬಟ್ಟೆ ತುಂಬತೊಡಗಿದಳು.

"ಹೊರಟೆಯಾ?"

"ಮೂರು ಗಂಟೆಗೆ ಬಸ್ಸು. ಎಸ್ಕೆಲ್‌ವರೆಗೆ ಬಿಡ್ತೀಯೋ, ವಾಲ್ದೆಮಾರ್‌ನ ಕೇಳಲೋ?"

ತಡೆದು ಇಟ್ಟದ್ದೆಲ್ಲ ಆಗ ಕಿತ್ತುಕೊಂಡು ಬಂತು. "ಕೇಳು, ಕೇಳು! ಅವನನ್ನೇ ಕೇಳು. ಬಸ್ಸಾದರೂ ಯಾಕೆ, ಅವನ ಜತೆಯೇ ಉಶುವಾಯಾ ನೋಡ್ಕೊಂಡು ಬಾ! ದಿನಾ ಒಂದೇ ಕೊಳವೆಗೆ ಬಾಯಿಟ್ಟು ಕುಡೀತೀಯಲ್ಲ, ನನಗೇನು ಕಣ್ಣಿಲ್ಲ ಅಂದ್ಕೊಂಡಿದ್ದೀಯಾ?"

ನಿಲ್ಡಾ ಅಂಗಿ ಮಡಿಸುತ್ತಿದ್ದವಳು ನಿಲ್ಲಿಸಿದಳು. ಅವಳ ಮುಖ ಕೆಂಪಾಯಿತು, ಆಮೇಲೆ ಬಿಳುಪಾಯಿತು.

"ಇದಾ ನಿನ್ನ ರೋಗ?"

ಅಷ್ಟರಲ್ಲಿ ಬಾಗಿಲ ಬಳಿ ವಾಲ್ದೆಮಾರ್ ಬಂದು ನಿಂತಿದ್ದ. ಕೈಯಲ್ಲಿ ಅವನ ಮೀಟರ್. "ತಪ್ಪು ತಿಳೀಬೇಡಿ ಅಣ್ಣಾ, ಐದೇ ನಿಮಿಷ. ಒಂದು ಸಲ ನೋಡಿಬಿಡ್ತೀನಿ" ಎಂದ.

"ನನ್ನ ವ್ಯಾನು, ನನ್ನ ಬ್ಯಾಟರಿ. ನಿಮ್ಮ ಕೈ ಇದಕ್ಕೆ ತಾಗೋದು ಬೇಡ" ಎಂದು ಅನ್ಸೆಲ್ಮೊ ಬಾಗಿಲಿಗೆ ಅಡ್ಡ ನಿಂತ.

"ಅವನದು ಬೇಡವಾದರೆ ನನ್ನ ಕೈ ತಾಗಲಿ" ಎಂದು ನಿಲ್ಡಾ ಗಂಡನ ತೋಳಿನ ಕೆಳಗಿನಿಂದ ಕೈ ಚಾಚಿ ಮೀಟರ್ ಕಸಿದುಕೊಂಡಳು. ಸೀಟು ಎತ್ತಿದಳು. ಕಂಟ್ರೋಲರಿನ ಪುಟ್ಟ ಪರದೆ ನೋಡಿದಳು, ಮೀಟರಿನ ಕಡ್ಡಿಗಳನ್ನು ಅನುಮಾನವಿಲ್ಲದೆ ಇಡಬೇಕಾದ ಕಡೆ ಇಟ್ಟಳು. "ಬ್ಯಾಟರಿ ಸರಿಯಿದೆ. ತಂತೀನೂ ಸರಿಯಿದೆ. ನಡುಮಧ್ಯಾಹ್ನ ಒಳಗೆ ಬರೋ ಕರೆಂಟು ಮಾತ್ರ ಇಲ್ಲವೇ ಇಲ್ಲ ಅನ್ನೋ ಹಾಗಿದೆ. ಅಂದಮೇಲೆ ಮೇಲೇನೋ ಆಗಿದೆ."

ಅನ್ಸೆಲ್ಮೊ ಬಾಯಿ ತೆರೆದವನು ಮುಚ್ಚಲಿಲ್ಲ. "ಇದನ್ನೆಲ್ಲ... ನೀನು ಎಲ್ಲಿ ಕಲಿತೆ?"

"ದಿನಾ ಅಲ್ಲಿ ಕೂತು ಏನು ಮಾಡ್ತಿದ್ದೆ ಅಂದ್ಕೊಂಡೆ? ನೀನು ಅವನನ್ನ ಹತ್ತಿರ ಸೇರಿಸಲ್ಲ. ನಾನಾದರೂ ಕಲೀಬೇಕಲ್ಲ! ನನಗೇನು ಬಸ್ಸಲ್ಲಿ ಎರಡು ದಿನ ಸೊಂಟ ಮುರ್ಕೊಳ್ಳೋ ಆಸೆಯಾ?"

ಅವಳು ಏಣಿ ಹತ್ತಿದಳು. ಕೆಳಗೆ ಇಬ್ಬರೂ ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಛಾವಣಿಯ ಮೇಲೆ ಫಟಫಟ ಎಂದು ಏನೋ ಬಡಿಯುತ್ತಿತ್ತು.

"ಈ ಹಾಳು ಬಟ್ಟೆ ಯಾರು ಕಟ್ಟಿದ್ದು?"

ಗಾಳಿಗೆ ಹರಡಿಕೊಂಡ ಕೆಂಪು ಬಟ್ಟೆ ಫಲಕದ ಮೇಲೆ ಉದ್ದಕ್ಕೂ ಹಾಸಿಕೊಂಡು ಬಿದ್ದಿತ್ತು. ಬೆಳಗ್ಗೆ, ಸಂಜೆ ಗಾಳಿಯಿಲ್ಲದಾಗ ಅದು ಪಾಪದ ಹಾಗೆ ಸರಳಿಗೆ ಜೋತು ಬೀಳುತ್ತಿತ್ತು. ಬಿಸಿಲು ಏರಿ ಗಾಳಿ ಏಳುತ್ತಿದ್ದಂತೆ ಫಲಕಕ್ಕೆ ಮುಸುಕು ಹಾಕುತ್ತಿತ್ತು.

"ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಫಲಕ ಮುಷ್ಕರ ಹೂಡುತ್ತೆ" ಎಂದ ವಾಲ್ದೆಮಾರ್ ಮೆಲ್ಲಗೆ, ತನಗೇ ಹೇಳಿಕೊಂಡ ಹಾಗೆ.

ನಿಲ್ಡಾ ಗಂಟು ಬಿಚ್ಚಿ ಬಟ್ಟೆ ಹಿಡಿದು ಇಳಿದಳು. ಅದನ್ನು ಗಂಡನ ಮುಂದೆ ಹಿಡಿದಳು.

"ಕೆಂಪು ಬಟ್ಟೆ ಕಟ್ಟೋದು ಹೊಟ್ಟೆಕಿಚ್ಚಿನ ಕಣ್ಣಿಗೆ. ಯಾರ ಕಣ್ಣಿಗೆ ಕಟ್ಟಿದೆ?"

ಉತ್ತರ ಎದುರಿಗೇ, ಮೂರು ಮಾರು ದೂರದಲ್ಲಿ ನಿಂತಿತ್ತು.

ವಾಲ್ದೆಮಾರ್‌ಗೆ ಅರ್ಥವಾಯಿತು. ಅವನು ನಗಲಿಲ್ಲ. "ಅಣ್ಣಾ, ಅವತ್ತು ನನಗೆ ನಿಜವಾಗ್ಲೂ ಹೊಟ್ಟೆಕಿಚ್ಚಾಗಿತ್ತು" ಎಂದ. "ನನ್ನ ವ್ಯಾನಲ್ಲಿ ದೀಪ ಎಲ್ಲ ಉರಿಯುತ್ತೆ. ಬೈಯೋರು ಇಲ್ಲ." ಅಷ್ಟು ಹೇಳಿ ಮೀಟರ್ ಇಸಿದುಕೊಂಡು ತನ್ನ ವ್ಯಾನಿನ ಕಡೆ ನಡೆದ.

ಅನ್ಸೆಲ್ಮೊಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೂ, ಹಾಳು ಮನಸ್ಸು, ಆ ಮನುಷ್ಯನ ಬೆನ್ನು ನೋಡುವಾಗಲೂ ಹೊಟ್ಟೆಯ ಮೂಲೆಯಲ್ಲೆಲ್ಲೋ ಒಂದು ಕೆಂಡ ಇನ್ನೂ ಆರಿರಲಿಲ್ಲ. ಅವಳಿಗೆ ಕಲಿಸಿದವನು ಅವನೇ ತಾನೆ!

ಸ್ವಲ್ಪ ಹೊತ್ತಿಗೆ ನೀರಿನ ಪಂಪು ಕೆಮ್ಮಿತು, ಗುರುಗುಟ್ಟಿತು, ನಲ್ಲಿಯಲ್ಲಿ ನೀರು ಬಂತು. ನಿಲ್ಡಾ ಪಾತ್ರೆ ಹಿಡಿದು ಒಲೆಯ ಮೇಲಿಟ್ಟಳು. ಅವಳ ಚೀಲ ಅರ್ಧ ತುಂಬಿ ಬಾಗಿಲ ಬಳಿಯೇ ಕೂತಿತ್ತು. ಅವಳು ಅದನ್ನು ತೆಗೆದಿಡಲೂ ಇಲ್ಲ, ತುಂಬಲೂ ಇಲ್ಲ. ಅನ್ಸೆಲ್ಮೊನ ಕಣ್ಣು ಚೀಲದಿಂದ ಗಡಿಯಾರಕ್ಕೆ, ಗಡಿಯಾರದಿಂದ ಚೀಲಕ್ಕೆ ಓಡಾಡಿತು.

ಅವಳು ಬುರುಡೆಗೆ ಸೊಪ್ಪು ತುಂಬಿ ನೀರು ಹುಯ್ದು ಅವನ ಕೈಗೆ ಕೊಟ್ಟಳು. ಒಂದು ಗುಟುಕು ಹೀರಿದವನ ಮುಖ ಕಿವುಚಿಕೊಂಡಿತು.

"ಸಕ್ಕರೆ ಮರೆತೆ."

"ಮರೆತಿಲ್ಲ." ಅವಳು ಎದುರು ಕೂತಳು. "ನನಗೆ ಹುಟ್ಟಿದಾಗಿನಿಂದ ಕಹಿನೇ ಇಷ್ಟ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಅವನು ಮೊದಲನೇ ದಿನವೇ ಕೇಳಿದ."

ಆ ಮಾತು ಬಟ್ಟೆಗಿಂತ, ಬ್ಯಾಟರಿಗಿಂತ ಆಳಕ್ಕೆ ಇಳಿಯಿತು. ಅನ್ಸೆಲ್ಮೊ ಕಣ್ಣು ಮುಚ್ಚಿ ಬುರುಡೆಯ ತಳದವರೆಗೂ ಹೀರಿದ. ಗಂಟಲೆಲ್ಲ ಬೇವು. ಉಪಕಾರದ ಮಾತೊಂದು ಬಾಯಿಗೆ ಬಂತು. ಆದರೆ "ಥ್ಯಾಂಕ್ಸ್" ಅಂದರೆ ಅವಳು ಬುರುಡೆ ಎತ್ತಿಟ್ಟು ಏಳುತ್ತಾಳೆ, ಚೀಲ ಬಾಗಿಲಲ್ಲೇ ಇದೆ, ಮೂರು ಗಂಟೆಗೆ ಇನ್ನೂ ಹೊತ್ತಿದೆ.

ಅವನು ಮಾತು ನುಂಗಿಕೊಂಡು ಬರಿದಾದ ಬುರುಡೆಯನ್ನು ಅವಳ ಕಡೆ ಚಾಚಿದ. ನಿಲ್ಡಾ ಅವನ ಮುಖವನ್ನೇ ನೋಡಿದಳು, ಅನ್ನುತ್ತಾನೋ ಎಂದು ಕಾದಳು. ಅವನು ಅನ್ನಲಿಲ್ಲ. ಅವಳು ಇನ್ನೊಂದು ತುಂಬಿದಳು.