ಗನ್ನಿನ ಲಾಕು

"ಗನ್ ತಂದ್ಯೇನು?"

ಸಾಬಣ್ಣ ಕೇಳಿದ ಮೊದಲ ಮಾತು ಅದು. ಟಿಕೋಟಾ ದಾಟಿ ಬಂದ ಬಸ್ಸಿನಿಂದ ಕನಮಡಿಯಲ್ಲಿ ಇಳಿದು, ತನ್ನ ಮನೆಗೂ ಹೋಗದೆ ಸೀದಾ ಈ ಅಂಗಳಕ್ಕೆ ಬಂದು ನಿಂತಿದ್ದ ಅಂಬಾದಾಸನಿಗೆ ಅದೇನೂ ವಿಚಿತ್ರ ಅನಿಸಲಿಲ್ಲ. ಸಾಬಣ್ಣನ ಮಗ ಕರೆಪ್ಪ ಲಾಹೋರಿನ ಕಡೆಯ ಲಡಾಯಿಯಲ್ಲಿ ತೀರಿಕೊಂಡು ಎರಡು ತಿಂಗಳಾಗಿತ್ತು. ಗುಂಡು ತಗುಲಿ ತಟ್ಟನೆ ಪ್ರಾಣ ಹೋಯಿತೆಂದು ಕಾಗದ ಬಂದು ಮುಟ್ಟಿತ್ತು. ಅದು ಸುಳ್ಳೆಂದು ಊರಿನವರಲ್ಲಿ ಗೊತ್ತಿದ್ದವನು ಅಂಬಾದಾಸ ಒಬ್ಬನೇ. ಹೇಳಿಯೇ ತೀರಬೇಕೆಂದು ರಜೆ ಹಾಕಿ ಬಂದಿದ್ದ.

"ವೈರಿ ಕೈಗೆ ಬಿಡಲಿಲ್ಲ, ಗನ್ ತಂದೆ, ಕಾಕಾ."

"ಶಾಬಾಸ್!" ಎಂದು ಸಾಬಣ್ಣ ಕಣ್ಣೊರೆಸಿಕೊಂಡ.

ಸಾಬಣ್ಣನೂ ಕರೆಪ್ಪ, ಅಂಬಾದಾಸರ ಮಶೀನ್‌ಗನ್ ಪಲ್ಟನ್ನಿನವನು, ಬರ್ಮಾ ಲಡಾಯಿ ಕಂಡವನು. ಸುತ್ತ ಜಪಾನಿಗಳು ಮುತ್ತಿದ್ದರೂ ಗನ್ನನ್ನು ಹೆಗಲಿಗೇರಿಸಿ ಎರಡು ಹರದಾರಿ ನಡೆದು ಬಂದನೆಂಬ ಕಥೆ ಕೇಳುತ್ತಲೇ ಈ ಇಬ್ಬರು ಹುಡುಗರೂ ಬೆಳೆದಿದ್ದರು. ಇದೇ ಅಂಗಳದಲ್ಲಿ ಮುರಿದ ಕುಂಟೆಯನ್ನು ಗನ್ನೆಂದು ಹೂಡಿ ಅವರಿಂದ ಕವಾಯತು ಮಾಡಿಸುತ್ತಿದ್ದ. ಗನ್ ಬಿಟ್ಟು ಬಂದವನು ಪಲ್ಟನ್ನಿನ ಮುಖಕ್ಕೆ ಸಗಣಿ ಬಳಿದ ಹಾಗೆ ಎನ್ನುತ್ತಿದ್ದ. ಊರಿನ ದೊಡ್ಡವರೂ ಈ ಕೇರಿಗೆ ಬಂದು ಕೇಳಿ ತಲೆದೂಗುತ್ತಿದ್ದ ಕಥೆ ಅದೊಂದೇ.

"ಕಾಕಾ, ಕರೆಪ್ಪ ತಟ್ಟನ ಸಾಯಲಿಲ್ಲ."

ಒಳಗೆ ಜೋಳ ಕುಟ್ಟುತ್ತಿದ್ದ ಕರೆಪ್ಪನ ತಾಯಿ ಪರಸವ್ವನ ಒನಕೆ ನಿಂತಿತು. ಅಂಬಾದಾಸ ಒಂದನ್ನೂ ಮುಚ್ಚಿಡದೆ ಹೇಳುತ್ತ ಹೋದ. ಕಬ್ಬಿನ ಹೊಲದ ಬದುವಿನಲ್ಲಿ ಅವರ ಗನ್ ಇತ್ತು. ಜೊತೆಯ ಮೂವರನ್ನು ಒಂದೇ ಶೆಲ್ಲು ಚಿಂದಿ ಮಾಡಿತು. ಒಬ್ಬನ ದವಡೆ ಹಾರಿ ಕರೆಪ್ಪನ ತೊಡೆಯ ಮೇಲೆ ಬಿತ್ತು. ಅದನ್ನು ಅತ್ತ ಸರಿಸಿ ಅವನು ಗನ್ನಿಗೆ ಗುಂಡಿನ ಪಟ್ಟಿ ಉಣಿಸಿದ. ಕಬ್ಬಿನಿಂದ ಎದ್ದು ಬಂದವರು ಮಗುಚಿ ಬೀಳುತ್ತಿದ್ದರು, ಬಿದ್ದವರನ್ನು ತುಳಿದು ಮತ್ತಷ್ಟು ಜನ ಬರುತ್ತಿದ್ದರು. ಹಿಂದಕ್ಕೆ ಸರಿಯಲು ಸೀಟಿ ಊದುವ ಹೊತ್ತಿಗೆ ಕರೆಪ್ಪನ ಎರಡೂ ಮೊಣಕಾಲು ಒಡೆದಿದ್ದವು. ಅಂಬಾದಾಸ ಗನ್ ಬಿಚ್ಚಿ ಹೆಗಲಿಗೇರಿಸಿದ. ಕಾದ ಕಬ್ಬಿಣ ಅಂಗಿಯ ಸಮೇತ ಚರ್ಮ ಸುಟ್ಟಿತು.

"'ನನ್ನ ಹೊತ್ಕೋಲೇ' ಅಂತ ಕಾಲ ಹಿಡಕೊಂಡ, ಕಾಕಾ. ಬಿಡಲೇ ಇಲ್ಲ. ಬೂಟಿಲೆ ಒದ್ದೆ. ಎರಡ ಸಲ ಒದ್ದೆ. ಒಂದ ತಾಸಿನ್ಯಾಗ ಹೊಳ್ಳಿ ಆ ಜಾಗಾ ಹಿಡದ್ವಿ. ಅಷ್ಟರಾಗ ವೈರಿಗಳು ಸಂಗೀನಲೆ ಅವನ್ನ ತಿವಿದಿದ್ರು. ಹೊಟ್ಟ್ಯಾಗ, ಗಂಟಲದಾಗ..."

ಇನ್ನು ಮುದುಕ ಹೊಡೆಯಲಿ, ಹೊಡೆದು ಕೊಂದರೂ ಸರಿಯೇ ಎಂದು ತಲೆ ತಗ್ಗಿಸಿ ನಿಂತ. ಹೊಡೆತ ಬೀಳಲಿಲ್ಲ.

"ಲಾಕ್ ತಗೀಬೇಕಿತ್ತಲ್ಲೋ," ಎಂದ ಸಾಬಣ್ಣ. "ಗನ್ನಿನ ಹೊಟ್ಟ್ಯಾಗಿನ ಅಂಗೈಯಷ್ಟು ಲಾಕ್. ಅದನ್ನ ಕಿತ್ತು ಕಿಸೆದಾಗ ಹಾಕ್ಕೊಂಡ್ರ ಗನ್ ಬರೇ ಕಬ್ಬಣ, ವೈರಿ ಕೈಗೆ ಸಿಕ್ಕರೂ ಹಾರೂದಿಲ್ಲ. ಗನ್ ಅಲ್ಲೇ ಒಗದು ಅವನ್ನ ಹೊತ್ಕೊಂಡ ಬರಬೇಕಿತ್ತು. ಉಸ್ತಾದ ಕಲಿಸಲಿಲ್ಲೇನು?"

"ಕಲಿಸಿದ್ರು. ಆದ್ರ ನೀವು ಇಡೀ ಗನ್ ತಂದವರು. ನಾ ಬರೇ ಲಾಕ್ ತಂದು ನಿಮ್ಮ ಮುಂದ ಹ್ಯಾಂಗ ನಿಲ್ಲಲಿ?"



"ನಾನೂ ಬರೇ ಲಾಕ್ ತಂದಿದ್ದೆ," ಎಂದ ಸಾಬಣ್ಣ. "ಗನ್ ಹೊಳಿಯಾಗ ಒಗದೆ. ಹೆಗಲ ಮ್ಯಾಲೆ ಇದ್ದಾಂವ ಗಾಯ ಆದ ದೋಸ್ತ. ಊರಾಗ ಲಾಕ್ ಅಂದ್ರ ಯಾರಿಗೆ ತಿಳೀತೈತಿ? ಗನ್ ಅಂದೆ."

ಪರಸವ್ವ ಒನಕೆ ಹಿಡಿದೇ ಹೊರಗೆ ಬಂದಳು. ಮೊದಲ ಏಟಿಗೆ ಗಂಡನ ಹೆಗಲು ಲಟಕ್ಕೆಂದಿತು. ಎರಡನೆಯದಕ್ಕೆ ಹಣೆ ಒಡೆದು ನೆತ್ತರು ಕಣ್ಣಿಗಿಳಿಯಿತು. ಮುದುಕ ಕೈ ಅಡ್ಡ ತರಲಿಲ್ಲ, ಎರಡೂ ಕೈ ಚಡ್ಡಿಗೆ ಅಂಟಿಸಿ ನೆಟ್ಟಗೆ ನಿಂತೇ ಇದ್ದ. ತಡೆಯಲು ಹೋದ ಅಂಬಾದಾಸನ ಮುಂಗೈ ಮೇಲೂ ಒಂದು ಬಿತ್ತು. ನೋವಿಗೆ ಜೀವ ಹೋದಂತಾಯಿತು, ಒಳಗೊಳಗೇ ಸಮಾಧಾನವೂ ಆಯಿತು. ಮೂರನೆಯ ಏಟಿಗೆ ಸಾಬಣ್ಣ ಕುಸಿದು ಕೂತ.

ಪರಸವ್ವ ಒನಕೆ ಚೆಲ್ಲಿ, ಏದುಸಿರು ಬಿಡುತ್ತ ಅಂಬಾದಾಸನ ಕಡೆ ತಿರುಗಿದಳು.

"ನನ್ನ ಮಗ ಭಾಳ ಭಾರ ಇದ್ದನೇನೋ ಯಪ್ಪಾ?"

"ಇಲ್ಲ ಬೇ," ಎಂದ ಅಂಬಾದಾಸ. "ಹಗೂರಿದ್ದ. ಆಮ್ಯಾಲೆ ಅವನ ಹೆಣಾ ನಾ ಒಬ್ಬನೇ ಹೊತ್ಕೊಂಡ ಬಂದೆ."

ಸಾಬಣ್ಣನ ಹಣೆಯಿಂದ ನೆತ್ತರು ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು. ಎಲ್ಲಿಂದಲೋ ಒಂದು ಕೋಳಿ ಬಂದು ಅದಕ್ಕೆ ಕೊಕ್ಕು ಹಾಕಿತು. ಪರಸವ್ವ ಸೆರಗು ಬೀಸಿ ಅದನ್ನು ಅಟ್ಟಿದಳು. ಅದು ಮತ್ತೆ ಬಂತು. ಮತ್ತೆ ಅಟ್ಟಿದಳು.